ಎಡಗಡೆಯ ಮೆತ್ತೆ

"ಕೂರೋ ಜಾಗ ಹದಿನೇಳು ಇಂಚು. ಬರ್ಕೋ," ಎಂದರು ಸವಾರಿ ಮೇಷ್ಟ್ರು, ಟೇಪಿನ ತುದಿಯನ್ನು ಜೀನಿನ ಹಿಂಬದಿಯ ಏರಿಗೆ ಒತ್ತಿ ಹಿಡಿದು. ಹೆಂಡತಿ ಬರೆದುಕೊಂಡಳು. ಮಾರಾಟಕ್ಕೆಂದು ಆನ್‌ಲೈನಿನಲ್ಲಿ ಜೀನಿನ ಫೋಟೊ ಹಾಕಿ ಎರಡು ದಿನವಾಗಿರಲಿಲ್ಲ, ಕೊಳ್ಳುವವಳೊಬ್ಬಳು ಸಿಕ್ಕಿದ್ದಳು. ಸಿಕ್ಕವಳು ಸಾಮಾನ್ಯದವಳಲ್ಲ, ಉದ್ದ, ಅಗಲ, ಪಟ್ಟಿಯ ತೂತು, ಒಂದನ್ನೂ ಬಿಡದೆ ಕೇಳಿದ್ದಳು.

"ಇನ್ನೇನು ಬೇಕಂತೆ ಮಹಾರಾಯ್ತಿಗೆ?"

ಉಳಿದಿದ್ದುದು ಒಂದೇ: ಕೆಳಗಿನ ಮೆತ್ತೆಗಳ ದಪ್ಪ, ಎಡ ಬಲ ಎರಡೂ. "ಅಷ್ಟೇ, ಸಾಕು ಬಿಡಿ," ಎಂದಳು.

"ಕೊಡಿಲ್ಲಿ," ಎಂದು ಅವರೇ ಫೋನ್ ಇಸಿದುಕೊಂಡು ಓದಿದರು.

ಹನ್ನೊಂದು ವರ್ಷದ ಹಿಂದೆ ಮೇಷ್ಟ್ರು ಕುದುರೆಯಿಂದ ಬಿದ್ದು ಎಡ ಸೊಂಟ ಮುರಿದುಕೊಂಡಿದ್ದರು. ಡಾಕ್ಟರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಆರು ತಿಂಗಳಿಗೆ ಮತ್ತೆ ಜೀನು ಏರಿದರು. ಏರಿದರೇನು, ಮೈ ಎಡಕ್ಕೆ ವಾಲುತ್ತಿತ್ತು. ಶಿಷ್ಯರು ಮುಖ ತಿರುಗಿಸಿಕೊಂಡು ನಗುತ್ತಿದ್ದರು. ಲಾಯದ ಜೀನುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವಳು ಹೆಂಡತಿಯೇ. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಎಡ ಮೆತ್ತೆಯ ಹೊಲಿಗೆ ಬಿಚ್ಚಿ, ಒಂದು ಹಿಡಿ ಉಣ್ಣೆ ತುರುಕಿ, ಹಳೆಯ ತೂತುಗಳಲ್ಲೇ ದಾರ ಹಾಯಿಸಿ ಮುಚ್ಚಿದಳು. ಮಾರನೆಯ ದಿನ ಮೇಷ್ಟ್ರು ನೇರ ಕೂತರು. ಆಮೇಲೆ ಉಣ್ಣೆ ಕುಗ್ಗಿದಾಗಲೆಲ್ಲ ಮತ್ತೊಂದಿಷ್ಟು.

ದಿನಾ ಬೆಳಗ್ಗೆ ಅವರು ಏರಿ ಕೂತು, "ನೇರ ಇದೀನಾ?" ಎಂದು ಕೇಳುವರು. "ಕಂಬದ ಹಾಗೆ ಇದೀರಿ," ಎನ್ನುವಳು. ಸೊಂಟವನ್ನು ಹಟದಿಂದಲೇ ಸರಿಮಾಡಿಕೊಂಡೆ ಎಂದು ಅವರು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಮಾರುವ ಮುಂಚೆ ಉಣ್ಣೆ ತೆಗೆದುಬಿಡೋಣ ಎಂದುಕೊಂಡಿದ್ದಳು. ಇವರು ನೋಡಿದರೆ ಎದ್ದವರೇ ಟೇಪು ಹಿಡಿದು ಕೂತುಬಿಟ್ಟಿದ್ದರು. ಕುದುರೆ ಹೋಯಿತು, ಕಾಲಿನ ಕಸುವೂ ಹೋಯಿತು. ಉಳಿದಿದ್ದ ಆ ಒಂದು ಹೆಮ್ಮೆಯೂ ಇವತ್ತಿಗೆ ಮುಗಿಯಿತಲ್ಲ ಎನಿಸಿತು ಅವಳಿಗೆ.

ಮೇಷ್ಟ್ರು ಜೀನನ್ನು ಮಗುಚಿ ಹಾಕಿದರು. ಬಲಗಡೆ ಎರಡೂವರೆ ಇಂಚು. ಎಡಗಡೆ ಮೂರೂಕಾಲು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದರು. ಆಮೇಲೆ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಗಂಟು ಒಳಗಡೆ ಮುಚ್ಚೋದು ನೀನೊಬ್ಬಳೇ."

"ಹೂಂ."

"ಯಾವಾಗಿನಿಂದ?"

"ನೀವು ಬಿದ್ದೆದ್ದ ವರ್ಷದಿಂದ."

ಕೂಗಾಡುತ್ತಾರೆಂದು ಕಾದಳು. ಅವರು ಟೇಪು ಸುತ್ತಿ ಪಕ್ಕಕ್ಕಿಟ್ಟರು.

"ಕುದುರೆ ಬೆನ್ನಿಗೆ ಏನೂ ಆಗ್ಲಿಲ್ವಾ?"

"ದಿನಾ ಸವರಿ ನೋಡ್ತಿದ್ದೆ. ಒಂದು ಗೀರೂ ಬಿದ್ದಿರಲಿಲ್ಲ."

"ಕೊಳ್ಳೋ ಹುಡುಗಿ ನೇರ ಕೂರ್ತಾಳೆ, ಅವಳ ಕುದುರೆಗೆ ಹುಣ್ಣಾಗತ್ತೆ. ತೆಗೆದುಬಿಡು."

ಅವಳು ಹೊಲಿಗೆ ಬಿಚ್ಚಿ ಉಣ್ಣೆ ಎಳೆದು, ಮತ್ತೆ ಹೊಲಿದಳು. ಈಗ ಎರಡೂ ಕಡೆ ಎರಡೂವರೆ. ಮೇಷ್ಟ್ರು ಜೀನನ್ನು ಅದನ್ನಿಡುವ ಮರದ ಕುದುರೆಯ ಮೇಲೆ ಇರಿಸಿ, ಅವಳ ಭುಜ ಹಿಡಿದು, ಉಸಿರು ಕಟ್ಟಿ ಏರಿ ಕೂತರು. ಎದುರಿನ ಗೋಡೆ ನೋಡುತ್ತ ಕೇಳಿದರು.

"ನೇರ ಇದೀನಾ?"

ಅವಳು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಇಲ್ಲ. ಎಡಕ್ಕೆ ವಾಲಿದೀರಿ."

"ಎಷ್ಟು?"

ಅವಳು ಟೇಪು ಮುಟ್ಟಲಿಲ್ಲ. ಮೆತ್ತೆಯಿಂದ ತೆಗೆದ ಉಣ್ಣೆಯ ಮುದ್ದೆಯನ್ನು ಮೇಲೆತ್ತಿ ಹಿಡಿದಳು. ಅವರು ಬಾಗಿ ಇಸಿದುಕೊಂಡು, ಅಂಗೈಯಲ್ಲಿ ಹಿಂಡಿ ಬಿಟ್ಟರು. ಉಣ್ಣೆ ಮೆಲ್ಲಗೆ, ಸ್ವಲ್ಪವೇ, ಮತ್ತೆ ಉಬ್ಬಿತು.