ಹಗ್ಗ ಕಟ್ಟಿದರೆ ಕಾರು ಅಂಗಡಿಗೆ

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ಓಡಿಸುವ ನಮ್ಮಪ್ಪ ಸೀನಪ್ಪನವರು ಒಂದು ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನೂ ಸಾಕಿಕೊಂಡಿದ್ದಾರೆ. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಕೂತರೆ ಎಮ್ಮೆಗಳು ನಮ್ಮನ್ನು ಬಗ್ಗಿ ನೋಡಬೇಕು, ಅಷ್ಟು ತಗ್ಗು. ದೋಷ ಅಂತ ಇದ್ದದ್ದು ಒಂದೇ. ಹೊರಡುವಾಗ ಕುಣಿಯುತ್ತ ಹೊರಡುತ್ತಿತ್ತು. ನಾಲ್ಕಾರು ಮೈಲಿ ಆದ ಮೇಲೆ ಕೆಮ್ಮಿ, ಬಿಕ್ಕಳಿಸಿ, ನಿಂತುಬಿಡುತ್ತಿತ್ತು.

ನಿಂತಾಗೆಲ್ಲ ಅಪ್ಪ ಇಳಿದು, ಹಿಂಬದಿಯ ಟ್ಯಾಂಕಿನ ಮುಚ್ಚಳ ತೆಗೆದು, ಕಡ್ಡಿ ಇಳಿಬಿಟ್ಟು ಪೆಟ್ರೋಲ್ ಇದೆಯಾ ನೋಡುತ್ತಿದ್ದರು. ಇರುತ್ತಿತ್ತು. ಆಮೇಲೆ ಮೆಕ್ಯಾನಿಕ್ ಚಲಪತಿ ಬಂದು ಎರಡೂ ಕಾರ್ಬುರೇಟರ್ ಬಿಚ್ಚಿ, ಜೆಟ್ಟುಗಳನ್ನು ಬಾಯಲ್ಲೇ ಊದಿ ಜೋಡಿಸಿದರೆ ಕಾರು ಒಂದೇ ಸಲಕ್ಕೆ ಶುರು. ಕಸ ಇತ್ತಣ್ಣ, ಹೋಯ್ತು ಅನ್ನುತ್ತಿದ್ದ. ಮುಂದಿನ ಸವಾರಿಗೆ ಮತ್ತೆ ಅದೇ ಕೆಮ್ಮು. ಫಿಲ್ಟರ್ ಬದಲಾಯಿತು, ಪಂಪು ಬದಲಾಯಿತು. ಬಿಸಿಲಿಗೆ ಪೆಟ್ರೋಲ್ ಆವಿಯಾಗುತ್ತಿದೆ ಎಂದು ಪೈಪಿಗೆ ಒದ್ದೆ ಟವೆಲ್ಲನ್ನೂ ಸುತ್ತಿದ್ದಾಯಿತು, ಜ್ವರ ಬಂದ ಮಗುವಿಗೆ ಸುತ್ತುವ ಹಾಗೆ.

ಅಮ್ಮ ನಾರಾಯಣಮ್ಮ ತನ್ನ ಪಾಲಿನ ರಿಪೇರಿಯನ್ನು ತಪ್ಪಿಸಿದವಳಲ್ಲ. ಚಲಪತಿ ಕೈ ತೊಳೆಯುವಷ್ಟರಲ್ಲಿ ಅವಳು ಅರಿಸಿನ ಕಲಸಿಕೊಂಡು ಹಾಜರು. ದೀಪಗಳಿಗೆ ಒಂದೊಂದು ಬೊಟ್ಟು, ಸ್ಟೇರಿಂಗಿಗೆ ಒಂದು, ಪೆಟ್ರೋಲ್ ಮುಚ್ಚಳಕ್ಕೆ ಮಾತ್ರ ಧಾರಾಳವಾಗಿ ಮೆತ್ತಿ, ಮೇಲೆ ಕುಂಕುಮ. ಅದು ಉಣ್ಣೋ ಬಾಯಿ, ಅದಕ್ಕೆ ಜಿಪುಣತನ ಮಾಡಬಾರದು ಎನ್ನುವುದು ಅವಳ ವಾದ.

ಅಮ್ಮನ ತಮ್ಮ ಯೋಗಾನಂದ ಮಾವನಿಗೆ ಸೀರೆ ಅಂಗಡಿ ಇದೆ. ಆ ಕಾರನ್ನು ಅಂಗಡಿ ಮುಂದೆ ನಿಲ್ಲಿಸಿ, ಸೀರೆ ಉಡಿಸಿದ ಗೊಂಬೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಬೇಕೆಂದು ಅವರಿಗೆ ಆಸೆ. ಓಡದ ಕಾರಿಗೆ ಅದಕ್ಕಿಂತ ಒಳ್ಳೇ ಬಾಳು ಯಾವುದು ಭಾವ ಅಂತ ಕೆಣಕುತ್ತಲೇ ಇದ್ದರು. ಒಂದು ದಿನ ಅಪ್ಪನಿಗೆ ರೇಗಿತು.

"ಇನ್ನೊಂದ್ಸಲ ಇದಕ್ಕೆ ಹಗ್ಗ ಕಟ್ಟಿ ಎಳ್ಕೊಂಡು ಬರೋ ಹಂಗಾದ್ರೆ ನೀನೇ ಇಟ್ಕೊಳಯ್ಯ. ನಾರಾಯಣಮ್ಮನ ಮುಂದೆ ಹೇಳ್ತಿದೀನಿ."

ಆಡಿದ ಮೇಲೆ ಅಪ್ಪನ ಮುಖ ಸಪ್ಪಗಾಯಿತು. ಆದರೆ ಮಾತು ಬಿದ್ದಾಗಿತ್ತು.

ಕಾರು ಬಂದ ಹೊಸದರಲ್ಲೇ ಅಮ್ಮನಿಗೆ ನಲ್ಲೂರಿನ ಹುಣಸೆತೋಪು ತೋರಿಸುತ್ತೇನೆಂದು ಅಪ್ಪ ಹೇಳಿದ್ದರು. ಈ ಮಾತಾದ ಮುಂದಿನ ಭಾನುವಾರ ಹೊರಟೇಬಿಟ್ಟರು. ಅಮ್ಮ ಮುಚ್ಚಳಕ್ಕೆ ಎಂದಿಗಿಂತ ದಪ್ಪಗೆ ಅರಿಸಿನ ಮೆತ್ತಿ, ಪುಳಿಯೋಗರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಹಿಂದೆ ಮಾವನ ಗೂಡ್ಸ್ ಗಾಡಿ. ಅದರಲ್ಲಿ ಮಾವ, ನಾನು, ಹೊಸ ನೈಲಾನ್ ಹಗ್ಗ, ಮತ್ತೆ ಈಗಾಗಲೇ ಹಸಿರು ಸೀರೆ ಉಟ್ಟು ತಯಾರಾಗಿದ್ದ ಗೊಂಬೆ.

ದೇವನಹಳ್ಳಿಗೆ ಮೊದಲೇ ಕಾರು ಒಮ್ಮೆ ಕೆಮ್ಮಿ ನಿಂತಿತು. ಮಾವ ಹಗ್ಗ ಬಿಚ್ಚುವಷ್ಟರಲ್ಲಿ ಅಪ್ಪ ಮುಚ್ಚಳ ತೆಗೆದು ಪೆಟ್ರೋಲ್ ನೋಡಿ, ಕೂತು ತಿರುಗಿಸಿದರು. ಹೊರಟೇಹೋಯಿತು. ಎದುರಿಗೆ ಬಂದ ಒಂದು ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕೈಬೀಸಿದರು. ಅಮ್ಮ ರಾಣಿಯ ಹಾಗೆ ತಿರುಗಿ ಬೀಸಿದಳು. ಮಾವ ಹಗ್ಗ ಸುತ್ತಿಟ್ಟರು.

ದೇವನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ಮತ್ತೆ ನಿಂತಿತು. ಈ ಸಲ ಅಪ್ಪ ಗಾಬರಿಯಲ್ಲಿ ಕೂತಲ್ಲೇ ಕೀಲಿ ತಿರುಗಿಸಿ ತಿರುಗಿಸಿ ಬ್ಯಾಟರಿಯನ್ನೇ ಸುಸ್ತು ಮಾಡಿದರು. ಕೊನೆಗೆ ಸ್ಟೇರಿಂಗಿನ ಮೇಲೆ ಹಣೆಯಿಟ್ಟು, "ಕಟ್ಟಯ್ಯ," ಎಂದರು.

ಮಾವ ಹಗ್ಗದ ಒಂದು ತುದಿಯನ್ನು ಗೂಡ್ಸ್ ಗಾಡಿಗೆ ಗಂಟು ಹಾಕಿದರು. ಇನ್ನೊಂದು ತುದಿ ಹಿಡಿದು ಬರುವಷ್ಟರಲ್ಲಿ, ಅಪ್ಪ ನೋಡದೆ ಬಿಟ್ಟಿದ್ದನ್ನು ನಾನಾದರೂ ನೋಡೋಣವೆಂದು ಮುಚ್ಚಳ ತಿರುಗಿಸಿದೆ.

ಉಸ್ ಎಂದಿತು. ಟ್ಯಾಂಕು ಜೋರಾಗಿ ಗಾಳಿ ಎಳೆದುಕೊಂಡಿತು, ನೀರಿನಿಂದ ಮೇಲೆ ಬಂದವರು ಉಸಿರು ಎಳೆದುಕೊಳ್ಳುವ ಹಾಗೆ.

"ಅಪ್ಪಾ, ಈ ಸದ್ದು ಯಾವಾಗ್ಲೂ ಬರುತ್ತಾ?"

"ಯಾವ ಸದ್ದು?"

ಅಪ್ಪನದು ಹುಟ್ಟಿದಾಗಿನಿಂದ ಮಗ್ಗದ ಪಕ್ಕ ಬೆಳೆದ ಕಿವಿ. ನಮ್ಮ ಮನೆಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು. ನಾನು ಕೂಗಿ ಹೇಳಿದೆ. ಅಪ್ಪನಿಗೆ ಅರ್ಥವಾಗಲಿಲ್ಲ. ಅಮ್ಮ ಮಾತ್ರ ಡಬ್ಬಿ ಕೆಳಗಿಟ್ಟು ಇಳಿದು ಬಂದಳು.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬರುತ್ತೇನ್ರೀ? ಗಾಳಿಗೆ ಇನ್ನೊಂದು ಬೇಡ್ವಾ? ಇದಕ್ಕೆಲ್ಲಿದೆ?"

ಅಪ್ಪ ಬಂದು ನನ್ನ ಕೈಯಲ್ಲಿದ್ದ ಮುಚ್ಚಳ ತೆಗೆದುಕೊಂಡು ತೋರಿಸಿದರು. ನಟ್ಟನಡುವೆ ಒಂದು ಸಣ್ಣ ತೂತು ಇರಬೇಕಾಗಿತ್ತು. ಅಲ್ಲಿ ಒಣಗಿ ಕಲ್ಲಾದ ಅರಿಸಿನ, ಪದರದ ಮೇಲೆ ಪದರ. ಅಮ್ಮ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ರೀ, ಇದರ ಮೂಗು ಮುಚ್ಚಿದೋಳು ನಾನೇ ಕಣ್ರೀ."

ಮೊದಲು ನಕ್ಕವರು ಅಪ್ಪ. ಪಾಪ, ಚಲಪತಿ ಕಾರ್ಬುರೇಟರ್ ಊದಿ ಊದಿ ಕೆನ್ನೆ ನೋಯಿಸಿಕೊಂಡನಲ್ಲೇ ಅನ್ನುತ್ತ ರಸ್ತೆ ಬದಿಯಲ್ಲೇ ಕುಕ್ಕರಿಸಿದರು. ಅಮ್ಮ ನಗುತ್ತಲೇ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಅರಿಸಿನ ಕೆರೆದಳು. ಮುಚ್ಚಳವನ್ನು ಆಕಾಶಕ್ಕೆ ಹಿಡಿದಾಗ ಸಾಸಿವೆಯಷ್ಟು ಬೆಳಕು ಕಂಡಿತು.

ಕೀಲಿ ಅರ್ಧ ತಿರುಗಿಸಿದರೆ ಪಂಪು ಟಿಕ್ ಟಿಕ್ ಎಂದು ಪೆಟ್ರೋಲ್ ತುಂಬಿಕೊಂಡಿತು. ಆದರೆ ಎಂಜಿನ್ ಎಬ್ಬಿಸಲು ಬ್ಯಾಟರಿಗೆ ಶಕ್ತಿ ಇರಲಿಲ್ಲ. ತಳ್ಳಬೇಕು. ಅಪ್ಪ ಸ್ಟೇರಿಂಗಿಗೆ, ನಾನೂ ಅಮ್ಮನೂ ಹಿಂದಕ್ಕೆ. ಸಾಲದು. ಎಲ್ಲರೂ ಮಾವನ ಕಡೆ ನೋಡಿದೆವು. ಮಾವ ಕೈಯಲ್ಲಿದ್ದ ಹಗ್ಗ ನೋಡಿದರು, ಗೊಂಬೆಯನ್ನು ನೋಡಿದರು.

"ನನ್ನ ಕಾರನ್ನ ನನ್ನ ಕೈಲೇ ತಳ್ಳಿಸ್ತೀಯಲ್ಲ ಅಕ್ಕ," ಎಂದು ಹಗ್ಗ ಎಸೆದು ಬಂದು ಭುಜ ಕೊಟ್ಟರು.

ಕಾರು ಗುಡುಗಿ ಎದ್ದಿತು. ಮಾವ ಮುಗ್ಗರಿಸಿ, ಸಾವರಿಸಿಕೊಂಡು, ಗೆದ್ದವರ ಹಾಗೆ ಸಿಳ್ಳೆ ಹಾಕಿದರು. ಅಮ್ಮ ಓಡಿಹೋಗಿ ಹತ್ತಿದಳು. ಮಾವ ಹಗ್ಗ ಬಿಚ್ಚಿ ಸುತ್ತಿಟ್ಟು ಗಾಡಿ ಹೊರಡಿಸಿದರು. ಆಮೇಲೆ ನಲ್ಲೂರಿನವರೆಗೂ ಹಿಂದಿದ್ದ ನಮಗೆ ಕಂಡಿದ್ದು ಅವಳ ಸೆರಗಿನ ತುದಿ ಮಾತ್ರ.

ತೋಪಿನಲ್ಲಿ ಮುದಿ ಹುಣಸೆಮರದ ನೆರಳಿಗೆ ಕೂತು ಪುಳಿಯೋಗರೆ ಉಂಡೆವು. ಕೈ ತೊಳೆದ ಅಮ್ಮ ಅಭ್ಯಾಸಬಲದಿಂದ ಕುಂಕುಮದ ಭರಣಿ ತೆಗೆದು ಕಾರಿನ ಹಿಂಬದಿಗೆ ನಡೆದಳು. ಅಪ್ಪ ಬಾಯಲ್ಲಿದ್ದ ತುತ್ತು ನುಂಗಲಿಲ್ಲ. ಅವಳ ಬೆರಳು ಮುಚ್ಚಳದ ಮೇಲೆ ಬಂದು ನಿಂತಿತು. ಆಮೇಲೆ ತಿರುಗಿ, ಗೂಡ್ಸ್ ಗಾಡಿಯಲ್ಲಿ ಗೊಂಬೆಯ ಪಕ್ಕ ಸುರುಳಿ ಸುತ್ತಿ ಮಲಗಿದ್ದ ಹೊಸ ಹಗ್ಗಕ್ಕೆ ದೊಡ್ಡದಾಗಿ ಒಂದು ಬೊಟ್ಟಿಟ್ಟಳು.

"ಇದಕ್ಕೇನು, ಉಸಿರಾಡೋ ಕೆಲಸ ಇಲ್ಲ," ಎಂದಳು.