ಹೂವು ಇನ್ನೂ ಬಿದ್ದಿಲ್ಲ

ಸೊನ್ನೆ ವೇಷ ಹಾಕಿಕೊಂಡು ತಿರುಗುತ್ತದೆ. ಒಮ್ಮೆ ಮಾರುದ್ದ ಅಕ್ಷರಗಳ ಸಾಲಾಗಿ, ಒಮ್ಮೆ ವರ್ಗಮೂಲದ ಮೇಲೆ ವರ್ಗಮೂಲ ಹೊದ್ದು, ಕಿರೀಟ ಭುಜಕೀರ್ತಿ ಕಟ್ಟಿದ ರಾಜನ ಹಾಗೆ ಎದುರು ನಿಲ್ಲುತ್ತದೆ. ಬಣ್ಣ ತೊಳೆದರೆ ಒಳಗೆ ಏನೂ ಇಲ್ಲ.

ಆ ಬಣ್ಣ ತೊಳೆಯುವುದೇ ಮಂಜುಶ್ರೀಯ ಕೆಲಸ. ಹೆಬ್ಬಾಳದ ಸಣ್ಣ ಕಂಪನಿಯೊಂದರಲ್ಲಿ ಬೀಜಗಣಿತ ಮಾಡುವ ಸಾಫ್ಟ್‌ವೇರ್ ಕಟ್ಟುತ್ತಾರೆ. ಯಾವುದರಿಂದಲಾದರೂ ಭಾಗಿಸುವ ಮೊದಲು ಅದು ಸೊನ್ನೆಯೋ ಅಲ್ಲವೋ ಎಂದು ನೋಡಿ ಹೇಳುವ ಭಾಗ ಅವಳದು. ಸೊನ್ನೆಯಿಂದ ಭಾಗಿಸಿಬಿಟ್ಟರೆ ಮುಂದಿನದೆಲ್ಲ ಸುಳ್ಳು. ಈಚೆಗೆ ಸುಳ್ಳು ಉತ್ತರಗಳೇ ಬರತೊಡಗಿದ್ದವು. ತಪ್ಪು ಎಲ್ಲಿದೆಯೋ ಸಿಕ್ಕಿರಲಿಲ್ಲ.

"ಸೋಮವಾರಕ್ಕೆ ಸರಿಹೋಗ್ಲಿಲ್ಲ ಅಂದ್ರೆ ನಿನ್ನ ಭಾಗ ಕಿತ್ತು ಹಾಕ್ತಾರಂತೆ ಮಂಜು, ಆಮೇಲೆ ನಿನ್ನ ಕೆಲಸಾನೂ," ಎಂದಿದ್ದ ಜೊತೆಯಲ್ಲಿ ಕೆಲಸ ಮಾಡುವ ಶರತ್.

ಭಾನುವಾರ ಬೆಳಿಗ್ಗೆ ಅಜ್ಜಿ ಮುನಿವೆಂಕಟಮ್ಮ ಅವಳನ್ನು ಕೋಗಿಲಿನ ಮಾರಮ್ಮನ ಗುಡಿಗೆ ಕರೆದುಕೊಂಡು ಹೋದರು. ಹೂ ಕೇಳಬೇಕಿತ್ತು. ಪೂಜಾರಿ ಲಕ್ಕಣ್ಣ ಅಮ್ಮನ ಎರಡು ಭುಜಕ್ಕೂ ಒದ್ದೆ ಸೇವಂತಿಗೆ ಅಂಟಿಸಿದ. ಬಲದ್ದು ಬಿದ್ದರೆ ಆಗುತ್ತದೆ, ಎಡದ್ದು ಬಿದ್ದರೆ ಇಲ್ಲ.

"ನನ್ ಮೊಮ್ಮಗಳ ಕೆಲ್ಸ ಉಳೀತದಾ ತಾಯಿ?"

ದೀಪದ ಹೊಗೆ ಮೆಲ್ಲಗೆ ಏರಿತು. ಗುಡಿಯ ಹಿಂದಿನ ಅಪಾರ್ಟ್‌ಮೆಂಟಿನ ನೆರಳು ಅಂಗಳದಲ್ಲಿ ಸರಿಯಿತು. ವಾಯುಸೇನೆಯ ವಿಮಾನವೊಂದು ಮೋಡದೊಳಗೆ ಗುಡುಗಿ ಕರಗಿತು. ಆಗಲೂ ಹೂವು ಅಲುಗಲಿಲ್ಲ.

ಮಂಜುಶ್ರೀ ಎದ್ದಳು. "ಬೀಳ್ಲಿಲ್ಲ ಅಜ್ಜಿ. ಆಗಲ್ಲ ಅಂತ ಅರ್ಥ. ನಡಿ."

"ಆಗಕಿಲ್ಲ ಅಂತ ಯಾರಂದ್ರು? ಎಡದ್ದು ಬಿತ್ತಾ?"

"ಇಲ್ಲ."

"ಮತ್ತೆ? ಅಮ್ಮ ಇನ್ನೂ ಮಾತಾಡಿಲ್ಲ ಕಣವ್ವ. ಕೂತ್ಕೊ."

"ಕೂತ್ಕೊಳವ್ವ," ಎಂದ ಲಕ್ಕಣ್ಣ. "ನಿಮ್ಮಜ್ಜಿ ಮದ್ವೆಗೆ ಹೂ ಕೊಡಕ್ಕೆ ಅಮ್ಮ ಇಡೀ ದಿನ ತಗೊಂಡಿದ್ಲಂತೆ. ಅಮ್ಮಂಗೂ ನಿಮ್ ತಾತನ ಮೇಲೆ ಅನುಮಾನ."

ನಗುತ್ತಲೇ ಕೂತವಳಿಗೆ, ಕರ್ಪೂರದ ವಾಸನೆಯ ಆ ಅರೆಮಂಪರಿನಲ್ಲಿ, ತನ್ನ ಸಾಫ್ಟ್‌ವೇರ್ ಕಣ್ಣಿಗೆ ಕಟ್ಟಿತು. ಅದಕ್ಕೆ ಕಲಿಸಿದ್ದು ಎರಡೇ ಮಾತು: ಸೊನ್ನೆ, ಸೊನ್ನೆಯಲ್ಲ. ತಿಳಿಯದೇ ಹೋದದ್ದನ್ನೂ ಅದು 'ಸೊನ್ನೆಯಲ್ಲ' ಎಂದುಕೊಂಡು ಭಾಗಿಸಿಬಿಡುತ್ತಿತ್ತು. ಬೀಳದ ಹೂವನ್ನೇ ಉತ್ತರವೆಂದುಕೊಂಡು ತಾನೂ ಈಗ ಮಾಡಿದ್ದು ಅದನ್ನೇ. ವೇಷದ ಸೊನ್ನೆಗಳೆಲ್ಲ ಆ ಬಾಗಿಲಿನಿಂದಲೇ ಒಳಗೆ ನುಗ್ಗಿದ್ದವು.

ಮಧ್ಯಾಹ್ನ, ಏಳಲೊಪ್ಪದ ಅಜ್ಜಿಯನ್ನು ಗುಡಿಯಲ್ಲೇ ಬಿಟ್ಟು ಬಂದು, ಮನೆಯಲ್ಲಿ ಕೂತು ಅದಕ್ಕೆ ಮೂರನೆಯ ಮಾತು ಕಲಿಸಿದಳು: ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಭಾಗಿಸಬೇಡ.

ಸೋಮವಾರ ಸುಳ್ಳು ಉತ್ತರ ಒಂದೂ ಬರಲಿಲ್ಲ. ಅಲ್ಲಲ್ಲಿ 'ಗೊತ್ತಿಲ್ಲ' ಎಂದು ಬಂತು.

"ಕಂಪ್ಯೂಟರ್‌ಗೆ ವಿನಯ ಕಲಿಸಿದ್ಯಾ ಗುರು," ಎಂದ ಶರತ್. ಅವಳ ಭಾಗವೂ ಉಳಿಯಿತು, ಕೆಲಸವೂ ಉಳಿಯಿತು.

ಸಂಜೆ ಹೇಳಲು ಗುಡಿಗೆ ಹೋದರೆ ಅಜ್ಜಿ ಬೆಳಿಗ್ಗೆಯೇ ಮತ್ತೆ ಬಂದು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಲಕ್ಕಣ್ಣನಿಗೆ ಹೂವು ತೆಗೆಯಲು ಬಿಟ್ಟಿರಲಿಲ್ಲ. ಎರಡೂ ಬಾಡಿ, ಅಮ್ಮನ ಭುಜಕ್ಕೇ ಅಂಟಿಕೊಂಡಿದ್ದವು.

"ಅಜ್ಜಿ, ಕೆಲಸ ಉಳೀತು."

"ತಡಿ ಮಗ," ಅಜ್ಜಿ ಹೂವಿನಿಂದ ಕಣ್ಣು ಕೀಳಲಿಲ್ಲ. "ಅಮ್ಮ ಏನಂತಾಳೋ ನೋಡಾನ."

ಮಂಜುಶ್ರೀ ಚಪ್ಪಲಿ ಬಿಟ್ಟು ಬಂದು ಪಕ್ಕದಲ್ಲಿ ಕೂತಳು.