ಹಿಮ ಹಿಡಿದ ಕಾರ್ಬುರೇಟರ್

ವುಕಾಶಿನ್‌ಗೆ ಬುದ್ಧಿ ಹೇಳುವುದೂ ಒಂದೇ, ಕೋಣದ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಗೊತ್ತಿದ್ದೂ ರಾದೋಯ್ಕಾ ಆ ಬೆಳಿಗ್ಗೆ ತಮ್ಮನ ಕಾರಿಗೆ ಅಡ್ಡ ನಿಂತಿದ್ದಳು. ಕಾರು ಅವನದು, ಒಳಗಿನ ಎಂಜಿನ್ನು ಮಾತ್ರ ತೀರಿಹೋದ ಅಪ್ಪ ಅವಳನ್ನು ಪಕ್ಕದಲ್ಲಿಟ್ಟುಕೊಂಡು ಮೂರು ಚಳಿಗಾಲ ಕೂತು ಕಟ್ಟಿದ್ದು. ಅಂಥ ಪಿಸ್ಟನ್ ಎರೆಯುವ ಕೈ ಉಝಿತ್ಸೆ ಊರಲ್ಲೇ ಇನ್ನೊಂದಿಲ್ಲ.

ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಒತ್ತಡ ಮಿತಿ ಮೀರದಿರಲೆಂದು ಅಪ್ಪ ಒಂದು ಸ್ಪ್ರಿಂಗ್ ಇಟ್ಟಿದ್ದ. ಬೆಟ್ಟದ ರೇಸು ಗೆಲ್ಲುವ ಆಸೆಗೆ ಈ ಮಹರಾಯ ಅದನ್ನು ಬಿಗಿದಿದ್ದ. ಅಭ್ಯಾಸದ ಓಟ ಮುಗಿಸಿ ಬಂದವನೇ ಬಾನೆಟ್ ಎತ್ತಿ, ಕಾರ್ಬುರೇಟರ್ ಮೇಲೆ ಕಟ್ಟಿದ್ದ ಹಿಮವನ್ನು ಉಗುರಿನಿಂದ ಕೆರೆದು ರೇಸು ನೋಡಲು ನೆರೆದಿದ್ದವರಿಗೆಲ್ಲ ತೋರಿಸಿದ.

“ನೋಡ್ರಪ್ಪಾ, ಐಸು! ನಮ್ಮಕ್ಕ ಎಂಜಿನ್ ಸುಟ್ಟೋಗತ್ತೆ ಅಂತಾಳೆ. ಇದು ಕುಡೀತಿರೋದೇ ಐಸಿನಂಥ ಗಾಳಿ!”

“ಪೆಟ್ರೋಲ್ ಆವಿಯಾಗೋ ಜಾಗ ತಣ್ಣಗಿರದೆ ಇನ್ನೇನೋ, ಮಂಕೇ? ಆ ಗಾಳಿ ಅಲ್ಲಿಂದ ಟರ್ಬೊ ಒಳಗೆ ಹೋಗತ್ತೆ. ಅದು ಹಿಂಡಿದಷ್ಟೂ ಗಾಳಿ ಕಾಯತ್ತೆ. ನೀನು ಬಿಗಿದಿರೋ ಬಿಗಿಗೆ ಪಿಸ್ಟನ್ನೇ ಕರಗತ್ತೆ. ಮೊದ್ಲು ಸ್ಪ್ರಿಂಗ್ ಸಡ್ಲಿಸು.”

“ನಾನು ಗೆದ್ಬಿಡ್ತೀನಿ ಅಂತ ಹೊಟ್ಟೆಉರಿ ನಿಂಗೆ.”

“ಗಂಡಸಾದ್ರೆ ಟರ್ಬೊದಿಂದ ಎಂಜಿನ್ನಿಗೆ ಹೋಗೋ ಪೈಪ್ ಮೇಲೆ ಕೈ ಇಡು, ನೋಡೋಣ.”

ಪ್ಲಮ್ ಬ್ರಾಂದಿ ಹೀರುತ್ತಿದ್ದವರೆಲ್ಲ ಗುಂಪುಗೂಡಿದರು. ವುಕಾಶಿನ್ ಅಂಗೈ ಊರಿದ. ಕಿರುಚಿಕೊಳ್ಳುತ್ತಾನೆ, ಆಗಲಾದರೂ ಬುದ್ಧಿ ಬರುತ್ತದೆ ಎಂದು ಅವಳು ಕಾದಳು. ಅವನು ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿದ್ದರೂ ನಗುತ್ತಲೇ, “ತಣ್ಣಗಿದೆ,” ಎಂದ. ಕೈ ತೆಗೆದಾಗ ಪೈಪಿನ ಮೇಲೆ ಚರ್ಮ ಉಳಿದಿತ್ತು. ಇಂಥ ಹಟಕ್ಕೂ ಚಪ್ಪಾಳೆ ತಟ್ಟುವ ಜನವಿದೆ, ತಟ್ಟಿದರು. ಅವನು ಕೈಗೆ ಕರವಸ್ತ್ರ ಸುತ್ತಿಕೊಂಡು ರೇಸಿಗೆ ಹೊರಟ.

ರಾದೋಯ್ಕಾ ಕೆಳಗೆ ನಿಂತು ಕಿವಿಗೊಟ್ಟಳು. ಮೊದಲ ತಿರುವಿನಲ್ಲಿ ಎಂಜಿನ್ ಚೆನ್ನಾಗಿಯೇ ಗುಡುಗಿತು. ಎರಡನೆಯದರಲ್ಲಿ ಡಬ್ಬಿಯೊಳಗೆ ಕಲ್ಲು ಕುಲುಕಿದಂಥ ಸದ್ದು ಕೇಳಿಸಿತು. ಮೂರನೆಯದರ ಹೊತ್ತಿಗೆ ಯಾವ ಸದ್ದೂ ಇರಲಿಲ್ಲ. ಅವಳು ಏದುಸಿರು ಬಿಡುತ್ತಾ ಬೆಟ್ಟ ಹತ್ತಿದಳು.

ಕಾರು ನೀಲಿ ಹೊಗೆ ಕಾರುತ್ತಿತ್ತು. ಅವನು ರಸ್ತೆಯಂಚಿನಲ್ಲಿ ಕುಳಿತು, ಕರವಸ್ತ್ರ ಬಿಚ್ಚಿ, ಚರ್ಮ ಸುಲಿದ ಅಂಗೈಯನ್ನು ಚಿಕ್ಕ ಮಗುವಿನ ಹಾಗೆ ಅವಳತ್ತ ಚಾಚಿದ.

“ಅಕ್ಕಾ, ತುಂಬಾ ಉರೀತಿದೆ ಕಣೇ.”

ಅವಳಿಗೆ ಮರುಕ ಹುಟ್ಟಲಿಲ್ಲ. ಹುಟ್ಟಬೇಕಿತ್ತು ಎಂದೂ ಅನ್ನಿಸಲಿಲ್ಲ.

“ಅದು ಮಾಯತ್ತೆ ಬಿಡು,” ಎಂದು ಅವನನ್ನು ದಾಟಿ ಹೋಗಿ ಬಾನೆಟ್ ಎತ್ತಿದಳು.